ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ: ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನನ್ನ ಆಟೋಮ್ಯಾಟಿಕ್ ಪಿಕಪ್ ಟ್ರಕ್ 1,10,000 ಕಿ.ಮೀ. ಓಡಿದೆ. ಗೇರ್‌ಬಾಕ್ಸಿನ ಎಣ್ಣೆಯನ್ನು ಇದುವರೆಗೆ ಬದಲಿಸಿಲ್ಲ. ಎಂಜಿನ್ ಆಯಿಲನ್ನು ನಾನೇ ಬದಲಿಸುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದೇ? ಇಷ್ಟು ಓಡಿದ ಮೇಲೆ ಹೊಸ ಎಣ್ಣೆ ಹಾಕಿದರೆ ಗೇರ್ ಜಾರತೊಡಗುತ್ತದೆ ಎಂದು ಪರಿಚಿತರೊಬ್ಬರು ಹೆದರಿಸುತ್ತಿದ್ದಾರೆ.

ಉತ್ತರ: ಎಂಜಿನ್ ಆಯಿಲ್ ಬದಲಿಸುವ ಕೈಗೆ ಇದು ಅಸಾಧ್ಯವೇನಲ್ಲ. ಆದರೆ ಇಲ್ಲಿ ಎಣ್ಣೆ ಇಳಿಸುವುದು ಸುಲಭ, ಸರಿಯಾದ ಎಣ್ಣೆಯನ್ನು ಸರಿಯಾದ ಮಟ್ಟಕ್ಕೆ ತುಂಬುವುದೇ ಕಷ್ಟ. ಈ ಗೇರ್‌ಬಾಕ್ಸಿನಲ್ಲಿ ಎಣ್ಣೆಯು ಸವೆತ ತಡೆಯುವುದಷ್ಟೇ ಅಲ್ಲದೆ, ತನ್ನ ಒತ್ತಡದಿಂದಲೇ ಕ್ಲಚ್ಚುಗಳನ್ನು ಹಿಡಿಸಿ ಗೇರ್ ಬದಲಿಸುತ್ತದೆ. ಆದ್ದರಿಂದ ವಾಹನದ ಕೈಪಿಡಿಯಲ್ಲಿ ಡೆಕ್ಸ್‌ರಾನ್ 6, ಮರ್ಕಾನ್ ಎಲ್‌ವಿ, ಎಟಿಎಫ್+4 ಹೀಗೆ ಯಾವ ಮಾನಕ ಬರೆದಿದೆಯೋ ಅದನ್ನೇ ತರಬೇಕು. ಎಲ್ಲವೂ ಕೆಂಪಗಿವೆ ಎಂದ ಮಾತ್ರಕ್ಕೆ ಒಂದರ ಬದಲು ಇನ್ನೊಂದನ್ನು ಸುರಿಯುವಂತಿಲ್ಲ.

ನಿಮ್ಮ ಪರಿಚಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಗೇರ್ ಆಗಲೇ ಜಾರುತ್ತಿದ್ದು, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಕ್ಲಚ್ಚಿನ ಪದರ ಸವೆದು ಹೋಗಿದೆ ಎಂದೇ ತಿಳಿಯಬೇಕು. ಅಂಥ ಗೇರ್‌ಬಾಕ್ಸನ್ನು ಹೊಸ ಎಣ್ಣೆ ಉಳಿಸುವುದಿಲ್ಲ. ಮುಂದೆ ಅದು ಕೆಟ್ಟಾಗ ಮಾತ್ರ ದೂರು ಹೊಸ ಎಣ್ಣೆಯ ಮೇಲೆ ಬರುತ್ತದೆ. ನಿಮ್ಮ ಟ್ರಕ್ಕಿನಲ್ಲಿ ಗೇರ್‌ಗಳು ನಯವಾಗಿ ಬೀಳುತ್ತಿದ್ದರೆ ಹೆದರಬೇಕಾಗಿಲ್ಲ. ಕೆಲವು ತಯಾರಕರು ಈ ಎಣ್ಣೆಯನ್ನು ಆಜೀವ ಎಣ್ಣೆ ಎಂದು ಕರೆಯುವುದುಂಟು. ಗೇರ್‌ಬಾಕ್ಸ್ ಕೆಟ್ಟ ದಿನಕ್ಕೇ ಆಜೀವ ಮುಗಿಯಿತು ಎನ್ನುವುದಾದರೆ ಆ ಮಾತು ಸರಿಯೇ! ಭಾರ ಹೊರುವ, ಟ್ರೇಲರ್ ಎಳೆಯುವ ಟ್ರಕ್ಕಿನಲ್ಲಿ ಎಣ್ಣೆ ಹೆಚ್ಚು ಕಾಯ್ದು ಬೇಗ ಹಾಳಾಗುವುದರಿಂದ ಅದನ್ನು ಬದಲಿಸುತ್ತಿರುವುದೇ ಮೇಲು.

ಟ್ರಕ್ಕನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಎತ್ತಬೇಕಾಗಿ ಬಂದರೆ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಿ ಕೆಳಗೆ ತೂರಬೇಡಿ. ಎಣ್ಣೆ ತುಂಬಲು ಬಿರಡೆ ಮಾತ್ರ ಇರುವ ಗೇರ್‌ಬಾಕ್ಸಾದರೆ ಮೊದಲು ಆ ಬಿರಡೆಯನ್ನು ಸಡಿಲಿಸಿ ನೋಡಿ, ಏಕೆಂದರೆ ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಅದು ಬಿಚ್ಚದೆ ಹಟ ಹಿಡಿದರೆ ಟ್ರಕ್ಕು ಅಲ್ಲಿಂದ ಕದಲುವಂತಿರುವುದಿಲ್ಲ. ಎಣ್ಣೆ ಕೈಸುಡದಷ್ಟು ಬೆಚ್ಚಗಿರಲಿ. ಗೇರ್‌ಬಾಕ್ಸಿನ ಅಡಿಯ ಎಣ್ಣೆತಟ್ಟೆಗೆ, ಅಂದರೆ ಪ್ಯಾನಿಗೆ, ಡ್ರೈನ್ ಬೋಲ್ಟ್ ಇಲ್ಲದಿದ್ದರೆ, ಒಂದು ಬದಿಯ ಬೋಲ್ಟುಗಳನ್ನು ಕೆಲವು ಸುತ್ತುಗಳಷ್ಟೇ ಸಡಿಲಿಸಿ ಉಳಿದವನ್ನು ಬಿಚ್ಚಿದಾಗ ಪ್ಯಾನು ಓರೆಯಾಗಿ, ಎಣ್ಣೆ ಒಂದು ಮೂಲೆಯಿಂದ ಅಗಲವಾದ ಬೋಗುಣಿಗೆ ಇಳಿಯುತ್ತದೆ. ಫಿಲ್ಟರನ್ನು ಎಳೆದಾಗ ಅದರ ಹಳೆಯ ಸೀಲು ಮೇಲಿನ ತೂತಿನಲ್ಲೇ ಕಚ್ಚಿಕೊಂಡಿರುವುದುಂಟು. ಅದನ್ನು ಗಮನಿಸದೆ ಹೊಸ ಸೀಲನ್ನು ಅದರ ಮೇಲೇ ಒತ್ತಿದರೆ ಫಿಲ್ಟರ್ ಸರಿಯಾಗಿ ಕೂರದೆ ಪಂಪು ಗಾಳಿ ಎಳೆಯುತ್ತದೆ. ಪ್ಯಾನಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಜೋರು ಮಾಡಿದರೆ ತಗಡಿನ ಪ್ಯಾನು ಸೊಟ್ಟಗಾಗಿ ಸೋರುತ್ತದೆ, ಅಲ್ಯೂಮಿನಿಯಂ ಕವಚದಲ್ಲಿ ಬೋಲ್ಟು ಕೂರುವ ತೂತಿನ ತಿರುಪುಗೆರೆಗಳೂ ಕಿತ್ತು ಬರಬಹುದು.

ಇಳಿದ ಎಣ್ಣೆಯನ್ನು ಅಳೆದು, ಮೊದಲಿಗೆ ಅಷ್ಟನ್ನೇ ತುಂಬಿ. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಮತ್ತು ಎಣ್ಣೆ ತಣಿಸುವ ಕೂಲರಿನ ಕೊಳವೆಗಳಲ್ಲಿರುವುದು ಇಳಿಯದ ಕಾರಣ ಕೈಪಿಡಿಯ ಒಟ್ಟು ಅಳತೆಯನ್ನು ಸುರಿದರೆ ಗೇರ್‌ಬಾಕ್ಸ್ ಮಿತಿಮೀರಿ ತುಂಬುತ್ತದೆ. ಆಗ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಉಳಿದ ಹಳೆಯ ಎಣ್ಣೆಯೂ ಹೋಗಬೇಕೆಂದಿದ್ದರೆ ಕೆಲವು ನೂರು ಕಿ.ಮೀ. ಓಡಿಸಿ ಇನ್ನೊಮ್ಮೆ ಇಳಿಸಿ ತುಂಬಬಹುದು.

ಹೆಚ್ಚಿನ ಗೇರ್‌ಬಾಕ್ಸುಗಳಲ್ಲಿ ಮಟ್ಟ ನೋಡುವಾಗ ಎಂಜಿನ್ ಚಾಲೂ ಇರಬೇಕು. ಬ್ರೇಕ್ ಒತ್ತಿಹಿಡಿದು ಲಿವರನ್ನು ಪ್ರತಿ ಸ್ಥಾನದಲ್ಲೂ ಕೆಲವು ಕ್ಷಣ ನಿಲ್ಲಿಸಿ, ಕೈಪಿಡಿ ಬೇರೆ ಹೇಳದಿದ್ದರೆ ಪಾರ್ಕಿಗೆ ತನ್ನಿ, ಹ್ಯಾಂಡ್‌ಬ್ರೇಕ್ ಹಾಕಿ. ಡಿಪ್‌ಸ್ಟಿಕ್ ಇದ್ದರೆ ಎಣ್ಣೆ ಕಾದ ಮೇಲೆ ಬಿಸಿ ಗುರುತಿನಲ್ಲಿ ಓದಿ. ಇಲ್ಲದಿದ್ದರೆ ಟ್ರಕ್ಕು ಪೂರ್ತಿ ಮಟ್ಟವಾಗಿರುವಾಗ, ಎಣ್ಣೆ ನಿಗದಿತ ಉಷ್ಣತೆಗೆ ಬಂದುದನ್ನು ಸ್ಕ್ಯಾನರಿನಲ್ಲಿ (ವಾಹನದ ಕಂಪ್ಯೂಟರಿಗೆ ಜೋಡಿಸಿ ಮಾಹಿತಿ ಓದುವ ಸಾಧನ) ನೋಡಿಕೊಂಡು ಮಟ್ಟದ ಬಿರಡೆ ತೆಗೆಯಬೇಕು. ಧಾರೆ ಸಣ್ಣದಾಗಿ ಹನಿಗೆ ಇಳಿದಾಗ ಬಿರಡೆ ಹಾಕಿ. ಏನೂ ಬಾರದಿದ್ದರೆ ಇನ್ನಷ್ಟು ತುಂಬಬೇಕು. ಎಣ್ಣೆ ಕಾದಂತೆ ಹಿಗ್ಗುವುದರಿಂದ ಇಲ್ಲಿ ಅಂದಾಜು ನಡೆಯುವುದಿಲ್ಲ, ಸ್ಕ್ಯಾನರ್ ಸಿಗದಿದ್ದರೆ ಈ ಹಂತವನ್ನು ವರ್ಕ್‌ಶಾಪಿಗೆ ಬಿಡಿ. ಬಳಸಿದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಸಂಗ್ರಹಿಸಿ ಮರುಬಳಕೆಯ ಕೇಂದ್ರಕ್ಕೆ ಕೊಡಿ.

ಪ್ರಶ್ನೆ: ಪ್ಯಾನ್ ಬಿಚ್ಚಿದಾಗ ಒಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ಕೆಸರು ಇತ್ತು. ಗೇರ್‌ಬಾಕ್ಸ್ ಕೆಟ್ಟಂತೆಯೇ?

ಉತ್ತರ: ಬೆರಳಲ್ಲಿ ಉಜ್ಜಿದಾಗ ಚುಚ್ಚದೆ ನುಣ್ಣಗೆ ಹರಡಿಕೊಳ್ಳುವ ಬೂದು ಕೆಸರು ಸಹಜ ಸವೆತದ್ದು; ಒರೆಸಿ ಅಯಸ್ಕಾಂತವನ್ನು ಅದರ ಜಾಗದಲ್ಲೇ ಇಡಿ. ಹೊಳೆಯುವ ಚೂರುಗಳೋ ಲೋಹದ ಎಳೆಗಳೋ ಸಿಕ್ಕರೆ ಮಾತ್ರ ಒಳಗೆ ಯಾವುದೋ ಭಾಗ ಕಿತ್ತುಬರುತ್ತಿದೆ ಎಂದರ್ಥ. ಎಣ್ಣೆಯು ಹಾಲು ಬೆರೆಸಿದಂತೆ ತಿಳಿಗುಲಾಬಿಯಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಸೋರಿ ನೀರು ಸೇರಿರುವ ಸಾಧ್ಯತೆಯೇ ಹೆಚ್ಚು. ಆಗ ಎಣ್ಣೆ ಬದಲಿಸಿ ಸುಮ್ಮನಾಗದೆ ಮೊದಲು ಆ ಸೋರಿಕೆಯನ್ನು ಸರಿಪಡಿಸಿಸಿ, ಅಲ್ಲಿಯವರೆಗೆ ವಾಹನ ಓಡಿಸಬೇಡಿ.