ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಎಂ.ಎ. ಸೇರುತ್ತಿದ್ದೇನೆ. ಮೊದಲ ದಿನಗಳು ಹೇಗಿರುತ್ತವೆ?

ಕುಷ್ಟಗಿ ತಾಲ್ಲೂಕಿನ ಹಳ್ಳಿಯವರು, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರು, ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಅರ್ಥಶಾಸ್ತ್ರ ಎಂ.ಎ.ಗೆ ಸೀಟು ಸಿಕ್ಕಿದೆ, ಮನೆಯಲ್ಲಿ ಇಷ್ಟು ಓದುತ್ತಿರುವವರು ನೀವೇ ಮೊದಲು, ಇಂಗ್ಲಿಷ್ ನೆನೆದರೆ ಎದೆ ನಡುಗುತ್ತದೆ ಎಂದು ಬರೆದಿದ್ದೀರಿ. ಮೊದಲು ಅಭಿನಂದನೆಗಳು. ನಾನೂ ಚಿತ್ರದುರ್ಗ ಜಿಲ್ಲೆಯ ಹಳ್ಳಿಯವಳು, ಕನ್ನಡ ಮಾಧ್ಯಮದವಳು. ಇದೇ ಆವರಣದಲ್ಲಿ ಇದೇ ವಿಷಯ ಓದಿ, ಈಗ ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಎಂ.ಎ.ಗೆ ಹೊರಟಾಗ ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ನಿಮ್ಮ ಮುಂದಿರುವ ದೊಡ್ಡ ಬದಲಾವಣೆ ಇಂಗ್ಲಿಷ್ ಅಲ್ಲ. ಪದವಿ ಕಾಲೇಜಿನಲ್ಲಿ ಅಟೆಂಡರ್ ನೋಟಿಸ್ ಪುಸ್ತಕ ಹಿಡಿದು ತರಗತಿಗೇ ಬರುತ್ತಿದ್ದರು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, ಪರೀಕ್ಷಾ ಶುಲ್ಕ ಕಟ್ಟದವರ ಹೆಸರನ್ನೂ ಕೂಗಿ ಕೇಳುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಆ ಕಾಳಜಿ ಇರುವುದಿಲ್ಲ. ವಿಭಾಗದ ಫಲಕದ ಮೇಲೆ ಒಂದು ಹಾಳೆ ಅಂಟಿರುತ್ತದೆ, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂದು ಮೇಲಕ್ಕೆ ಹೋಗಿಬಿಟ್ಟಿರುತ್ತದೆ, ಅಷ್ಟೇ. ಕೊನೆಯ ದಿನಾಂಕ ತನ್ನ ಪಾಡಿಗೆ ದಾಟಿಹೋಗುತ್ತದೆ. ಕೇಳದಿದ್ದರೆ ಇಲ್ಲಿ ಯಾರೂ ಹೇಳುವುದಿಲ್ಲ. ಆದರೆ ಕೇಳಿದರೆ ಹೇಳದೆ ಕಳಿಸುವವರು ಬಹಳ ಕಡಿಮೆ. ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ಸಲೀಸು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕೇಳುವುದೇ ಕಷ್ಟ ಎಂಬುದು ನನಗೆ ಗೊತ್ತು. ಕಚೇರಿಯ ಕಿಟಕಿಯ ಮುಂದೆ ನಿಂತು, ಒಳಗಿರುವವರು ತಲೆ ಎತ್ತುವ ತನಕ ಕಾಯುತ್ತೇವೆ. ಹಾಗೆ ಕಾಯಬೇಡಿ. 'ಸರ್, ಒಂದು ನಿಮಿಷ' ಎಂದು ಕನ್ನಡದಲ್ಲೇ ಮಾತು ಶುರು ಮಾಡಿ. ಅಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಕನ್ನಡಿಗರೇ.

ಮೊದಲ ತರಗತಿ ಹೀಗಿರಬಹುದು. ಪ್ರಾಧ್ಯಾಪಕರು ಬರುತ್ತಾರೆ, ಪತ್ರಿಕೆಯ ಹೆಸರು ಹೇಳುತ್ತಾರೆ, ಬೋರ್ಡಿನ ಮೇಲೆ ನಾಲ್ಕೈದು ಪುಸ್ತಕಗಳ ಹೆಸರು ಬರೆಯುತ್ತಾರೆ, ಒಂದು ಗಂಟೆ ನಿಲ್ಲಿಸದೆ ಮಾತಾಡಿ ಹೊರಟುಹೋಗುತ್ತಾರೆ. ನೀವು ಪೆನ್ನು ಹಿಡಿದು 'ನೋಟ್ಸ್ ಬರೆದುಕೊಳ್ಳಿ' ಎಂಬ ಮಾತಿಗೆ ಕಾಯುತ್ತಾ ಕೂತಿರುತ್ತೀರಿ. ಆ ಮಾತು ಬರುವುದೇ ಇಲ್ಲ. ಇಲ್ಲಿ ಪಾಠವೆಂದರೆ ಪುಸ್ತಕಕ್ಕೆ ದಾರಿ ತೋರಿಸುವುದು, ಓದುವುದು ನಮ್ಮ ಪಾಲು. ಆದ್ದರಿಂದ ಸೇರಿದ ವಾರವೇ ಎರಡು ವಸ್ತುಗಳನ್ನು ಕೈಗೆ ತಂದುಕೊಳ್ಳಿ: ಪೂರ್ತಿ ಪಠ್ಯಕ್ರಮದ ಪ್ರತಿ ಮತ್ತು ಹಿಂದಿನ ಮೂರ್ನಾಲ್ಕು ವರ್ಷಗಳ ಪ್ರಶ್ನೆಪತ್ರಿಕೆಗಳು. ಎರಡೂ ಹಿರಿಯ ವಿದ್ಯಾರ್ಥಿಗಳ ಬಳಿ ಸಿಗುತ್ತವೆ. ಪ್ರತಿ ಘಟಕದಿಂದ ಯಾವ ಬಗೆಯ ಪ್ರಶ್ನೆ ಬರುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರೆ, ಬೆಟ್ಟದಂತೆ ಕಂಡ ಪಠ್ಯಕ್ರಮಕ್ಕೆ ಒಂದು ಆಕಾರ ಬರುತ್ತದೆ.

ಇನ್ನು ಇಂಗ್ಲಿಷ್. ಸಮಾಜ ವಿಜ್ಞಾನದ ಸ್ನಾತಕೋತ್ತರ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ನಿಮ್ಮ ವಿಭಾಗದಲ್ಲಿ ಈಗಿನ ನಿಯಮ ಏನೆಂದು ವಿಭಾಗದ ಮುಖ್ಯಸ್ಥರನ್ನೇ ಮೊದಲ ವಾರ ನೇರವಾಗಿ ಕೇಳಿ. ಉತ್ತರ ಕನ್ನಡದಲ್ಲಿ ಬರೆದರೂ ಓದು ಮಾತ್ರ ಇಂಗ್ಲಿಷಿನಿಂದ ತಪ್ಪುವುದಿಲ್ಲ. ಇದಕ್ಕೆ ನಾನು ಎಲ್ಲರಿಗೂ ಹೇಳಿಕೊಡುವ ಒಂದು ಉಪಾಯವಿದೆ. ರಾಜ್ಯ ಸರ್ಕಾರ ಪ್ರತಿವರ್ಷ ಬಜೆಟ್ ಹೊತ್ತಿಗೆ ಕರ್ನಾಟಕ ಆರ್ಥಿಕ ಸಮೀಕ್ಷೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊರತರುತ್ತದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಎರಡನ್ನೂ ಇಳಿಸಿಕೊಂಡು, ಒಂದೇ ಅಧ್ಯಾಯವನ್ನು ಅಕ್ಕಪಕ್ಕ ಇಟ್ಟು ಓದಿ. ಕೃಷಿಯಿಂದ ಶುರು ಮಾಡಿ. ಮಳೆ, ಬಿತ್ತನೆ, ನೀರಾವರಿ, ಸಾಲ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ ಆದ್ದರಿಂದ ಇಂಗ್ಲಿಷ್ ವಾಕ್ಯ ಅರ್ಥವಾಗದಿದ್ದರೂ ವಿಷಯ ಅರ್ಥವಾಗಿರುತ್ತದೆ. ಜಿಲ್ಲಾವಾರು ತಲಾ ಆದಾಯದ ಕೋಷ್ಟಕದಲ್ಲಿ ನಿಮ್ಮ ಜಿಲ್ಲೆ ಕೊಪ್ಪಳದ ಸಾಲಿನ ಮೇಲೆ ಬೆರಳಿಟ್ಟು, ಹಾಗೆಯೇ ಬೆಂಗಳೂರು ನಗರ ಜಿಲ್ಲೆಯ ಸಾಲಿಗೆ ಬನ್ನಿ. ಆ ಎರಡು ಅಂಕಿಗಳ ನಡುವಿನ ಅಂತರ ಏಕೆ ಎಂಬ ಪ್ರಶ್ನೆ ನಿಮ್ಮೊಳಗೆ ಎದ್ದರೆ, ನೀವು ಆಗಲೇ ಅರ್ಥಶಾಸ್ತ್ರದ ವಿದ್ಯಾರ್ಥಿನಿ. ಆಮೇಲೆ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯ ಬಗ್ಗೆ ಓದಿ. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿ, ಅವುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ ವರದಿ ಅದು. ಕುಷ್ಟಗಿ ಯಾವ ದರ್ಜೆಯಲ್ಲಿದೆ ಎಂದು ನೀವೇ ಹುಡುಕಿ.

ನನ್ನನ್ನು ಕೇಳಿದರೆ, ಇಂಗ್ಲಿಷಿಗಿಂತ ಹೆಚ್ಚು ತಯಾರಿ ಬೇಕಾಗಿರುವುದು ಗಣಿತಕ್ಕೆ. ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಬಿ.ಎ.ಯಲ್ಲಿ 'ಸೀಮಾಂತ ವೆಚ್ಚ ಎಂದರೆ ಒಂದು ಹೆಚ್ಚುವರಿ ಘಟಕ ಉತ್ಪಾದಿಸಲು ತಗಲುವ ಹೆಚ್ಚುವರಿ ವೆಚ್ಚ' ಎಂದು ಬರೆದರೆ ಅಂಕ ಬರುತ್ತಿತ್ತು. ಎಂ.ಎ.ಯಲ್ಲಿ ಬೋರ್ಡಿನ ಮೇಲೆ ಒಟ್ಟು ವೆಚ್ಚ = 100 + 5ಕ + ಕ² ಎಂಬಂಥ ಸಮೀಕರಣ ಬರುತ್ತದೆ; ಇಲ್ಲಿ 'ಕ' ಅಂದರೆ ಉತ್ಪಾದನೆಯ ಪ್ರಮಾಣ. ಅದರ ಅವಕಲನ, ಅಂದರೆ ಬದಲಾವಣೆಯ ದರ, ತೆಗೆದರೆ ಸೀಮಾಂತ ವೆಚ್ಚ 5 + 2ಕ. ಉತ್ಪಾದನೆ 10 ಇದ್ದಾಗ ಅದು 25. ಮೊದಲಿನ 100 ಎಲ್ಲಿ ಹೋಯಿತು? ಅದು ಸ್ಥಿರ ವೆಚ್ಚ, ಉತ್ಪಾದನೆ ಹೆಚ್ಚಿದರೂ ಕಡಿಮೆಯಾದರೂ ಬದಲಾಗುವುದಿಲ್ಲ, ಹಾಗಾಗಿ ಹೆಚ್ಚುವರಿ ವೆಚ್ಚದ ಲೆಕ್ಕಕ್ಕೆ ಬರುವುದಿಲ್ಲ. ಬಿ.ಎ.ಯಲ್ಲಿ ಉರುಹೊಡೆದ ವ್ಯಾಖ್ಯೆಯೇ ಇಲ್ಲಿ ಒಂದು ಸಾಲಿನ ಲೆಕ್ಕವಾಗಿದೆ. ತರಗತಿ ಶುರುವಾಗುವ ಮೊದಲು ಯಾರಿಂದಲಾದರೂ ಪಿಯುಸಿ ಗಣಿತ ಪುಸ್ತಕ ಪಡೆದು ಫಲನಗಳು, ಅವಕಲನ, ಮಾತೃಕೆಗಳ ಅಧ್ಯಾಯಗಳನ್ನು ಕೂತು ಬಿಡಿಸಿ. ದಿನಕ್ಕೊಂದು ಗಂಟೆ ಸಾಕು. ಪಕ್ಕದಲ್ಲಿ ಕೂತವರ ಸೊಗಸಾದ ಇಂಗ್ಲಿಷಿಗೆ ಹೆದರಿದವರು ಸಂಖ್ಯಾಶಾಸ್ತ್ರದ ಮೊದಲ ಆಂತರಿಕ ಪರೀಕ್ಷೆಯ ಅಂಕ ಬಂದ ಮೇಲೆ ಹೆದರುವುದನ್ನು ಬಿಟ್ಟಿದ್ದನ್ನು ನಾನು ಕಂಡಿದ್ದೇನೆ.

ಸೆಮಿನಾರ್ ಎಂಬುದೊಂದಿದೆ. ಪ್ರತಿಯೊಬ್ಬರೂ ಎದ್ದು ನಿಂತು ಒಂದು ವಿಷಯದ ಮೇಲೆ ಮಾತಾಡಬೇಕು. ನಮ್ಮ ತರಗತಿಯಲ್ಲಿ ಕಲಬುರಗಿ ಕಡೆಯ ಒಬ್ಬ ಹುಡುಗ, ತಿಂಗಳುಗಟ್ಟಲೆ ಬಾಯಿ ಬಿಡದವನು, ತೊಗರಿಯ ಬೆಂಬಲ ಬೆಲೆಯ ವಿಷಯ ಆರಿಸಿಕೊಂಡ. ರಾಶಿ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಮಾರುಕಟ್ಟೆಗೆ ತಂದಾಗ ಬೆಲೆ ಹೇಗೆ ಕುಸಿಯುತ್ತದೆ, ಖರೀದಿ ಕೇಂದ್ರ ತೆರೆಯುವುದು ತಡವಾದರೆ ಸಾಲ ತೀರಿಸಬೇಕಾದ ಸಣ್ಣ ರೈತ ಏಕೆ ಕಾಯಲಾರ, ಕಾಯಬಲ್ಲವನಿಗೆ ಲಾಭ ಹೇಗೆ ಹೋಗುತ್ತದೆ ಎಂದು ತನ್ನ ಕಡೆಯ ಕನ್ನಡದಲ್ಲೇ ಬಿಡಿಸಿ ಹೇಳಿದ. ಪ್ರಾಧ್ಯಾಪಕರು ಕುರ್ಚಿ ಎಳೆದುಕೊಂಡು ಕೂತು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದರು, ಪಾಠದ ಅವಧಿ ಮುಗಿದರೂ ಚರ್ಚೆ ಮುಗಿಯಲಿಲ್ಲ. ಬೇಡಿಕೆ ಪೂರೈಕೆಯ ರೇಖೆಗಳು ನಮಗೆಲ್ಲ ನಿಜವಾಗಿ ಅರ್ಥವಾಗಿದ್ದು ಅಂದು. ನಿಮ್ಮ ಊರಿನಿಂದ ನೀವು ತರುವ ತಿಳಿವಳಿಕೆ ಈ ವಿಷಯಕ್ಕೆ ಬಂಡವಾಳ. ನಿಮ್ಮ ಮಾತಿನ ಧಾಟಿಗೆ ಯಾರಾದರೂ ನಕ್ಕರೆ, ಒಂದೆರಡು ವಾರ ನಗುತ್ತಾರೆ. ನೀವು ಮಾತು ನಿಲ್ಲಿಸಬೇಡಿ.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ಹೆಚ್ಚಿನವರು ಕಣ್ಣೀರು ಹಾಕುವುದು ಇಲ್ಲೇ. ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಈಗ ಯುಯುಸಿಎಂಎಸ್ ಜಾಲತಾಣದ ಮೂಲಕ. ಅದರ ಲಾಗಿನ್ ಮತ್ತು ಗುಪ್ತಪದವನ್ನು ಸೈಬರ್ ಸೆಂಟರಿನವರ ಕೈಯಲ್ಲಿ ಬಿಡಬೇಡಿ. ನಿಮ್ಮದೇ ಮೊಬೈಲ್ ಸಂಖ್ಯೆ ಕೊಟ್ಟು, ನೀವೇ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಮುಗಿದಿದ್ದರೆ ಊರು ಬಿಡುವ ಮೊದಲೇ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಬೆಂಗಳೂರಿನಿಂದ ಕುಷ್ಟಗಿಗೆ ಒಂದು ಕಾಗದಕ್ಕಾಗಿ ಓಡುವುದು ಎಂದರೆ ಎರಡು ದಿನದ ತರಗತಿ ಹೋದಂತೆ. ನೀವು ಕಲ್ಯಾಣ ಕರ್ನಾಟಕದವರಾದ್ದರಿಂದ ಈ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನೂ ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆದಿಟ್ಟುಕೊಳ್ಳಿ. ಮುಂದೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಅದೂ, ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳೂ ಬೇಕಾಗುತ್ತವೆ. ಬಿ.ಎ. ಬೇರೆ ವಿಶ್ವವಿದ್ಯಾಲಯದಲ್ಲಿ ಮುಗಿಸಿರುವುದರಿಂದ ವಲಸೆ ಪ್ರಮಾಣಪತ್ರ ಕೇಳುತ್ತಾರೆ, ಅದಕ್ಕೆ ಈಗಲೇ ಅರ್ಜಿ ಹಾಕಿ.

ವಸತಿಗೆ ಮೊದಲ ಆಯ್ಕೆ ಹಾಸ್ಟೆಲ್ಲೇ ಆಗಿರಲಿ. ಆವರಣದಲ್ಲೇ ವಿಶ್ವವಿದ್ಯಾಲಯದ ಮಹಿಳಾ ಹಾಸ್ಟೆಲ್ ಇದೆ. ಹಿಂದುಳಿದ ವರ್ಗಗಳ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ನಗರದಲ್ಲಿವೆ. ವಿಶ್ವವಿದ್ಯಾಲಯದ್ದಕ್ಕೂ ಇಲಾಖೆಯದ್ದಕ್ಕೂ ಅರ್ಜಿ ಬೇರೆ ಬೇರೆ, ಎರಡಕ್ಕೂ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಯ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಸೀಟು ಸಿಗುವುದು ತಡವಾದರೆ ಕೆಲವು ದಿನ ನಾಗರಭಾವಿ, ಮಲ್ಲತ್ತಹಳ್ಳಿ ಅಥವಾ ಕೆಂಗೇರಿ ಕಡೆ ಪಿಜಿಯಲ್ಲಿರಬೇಕಾಗಬಹುದು. ಮುಂಗಡ ಎಷ್ಟು, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು, ಈ ಮೂರನ್ನೂ ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ನನ್ನ ಮುಂಗಡದಲ್ಲಿ ಅರ್ಧ ಹಣವನ್ನು ಒಬ್ಬ ಮಾಲೀಕರು 'ಪೇಂಟಿಂಗ್ ಖರ್ಚು' ಎಂದು ಇಟ್ಟುಕೊಂಡರು, ಕೋಣೆಗೆ ಬಣ್ಣ ಮಾತ್ರ ಬಳಿಯಲೇ ಇಲ್ಲ. ಊಟದಲ್ಲಿ ರೊಟ್ಟಿ ಇಲ್ಲದೆ ಮೊದಲು ಕಷ್ಟವಾಗುತ್ತದೆ. ಬೆಂಗಳೂರಿನ ವಿಜಯನಗರ ಬಡಾವಣೆಯ ಸುತ್ತಮುತ್ತ ಉತ್ತರ ಕರ್ನಾಟಕದ ಖಾನಾವಳಿಗಳಿವೆ, ತಿಂಗಳಿಗೊಮ್ಮೆ ಗೆಳತಿಯರ ಜೊತೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಬನ್ನಿ.

ಬರುವ ದಾರಿ ಸುಲಭ. ಮೆಜೆಸ್ಟಿಕ್‌ನಲ್ಲಿ ಇಳಿದು ಚಲ್ಲಘಟ್ಟ ಕಡೆಗೆ ಹೋಗುವ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಜ್ಞಾನಭಾರತಿ ಹೆಸರಿನ ನಿಲ್ದಾಣವೇ ಇದೆ. ಆದರೆ ಆವರಣ ಸಾವಿರ ಎಕರೆಗೂ ಮೀರಿದ್ದು, ನಿಲ್ದಾಣದಿಂದ ವಿಭಾಗಕ್ಕೆ ಇನ್ನೂ ದೂರವಿದೆ. ಮೊದಲ ದಿನ ಸಮಯ ಕೈಯಲ್ಲಿಟ್ಟುಕೊಂಡು ಹೊರಡಿ. ಬಿಎಂಟಿಸಿಯ ಸಾಮಾನ್ಯ ಬಸ್‌ಗಳಲ್ಲಿ ಶಕ್ತಿ ಯೋಜನೆಯಿಂದ ನಿಮಗೆ ಟಿಕೆಟ್ ಖರ್ಚಿಲ್ಲ, ಆಧಾರ್ ಕಾರ್ಡ್ ಜೊತೆಗಿರಲಿ. ಆವರಣದೊಳಗಿನ ರಸ್ತೆಗಳಲ್ಲಿ ಹೊರಗಿನ ವಾಹನಗಳೂ ಜೋರಾಗಿ ಓಡಾಡುತ್ತವೆ, ದಾಟುವಾಗ ಎಚ್ಚರ. ಮರಗಳ ನಡುವಿನ ಆ ದಾರಿಗಳಲ್ಲಿ ಹಗಲು ನಡೆಯುವುದು ಹಿತವೇ, ಕತ್ತಲಾದ ಮೇಲೆ ಒಬ್ಬರೇ ಬೇಡ.

ಅರ್ಥಶಾಸ್ತ್ರದವರಿಗೆ ಈ ಜಾಗದಲ್ಲಿ ಒಂದು ವಿಶೇಷ ಭಾಗ್ಯವಿದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಎಲ್ಲರೂ ಐಸೆಕ್ ಎನ್ನುವುದು, ಪಕ್ಕದ ನಾಗರಭಾವಿಯಲ್ಲೇ ಇದೆ. ಅಲ್ಲಿ ನಡೆಯುವ ಉಪನ್ಯಾಸಗಳಿಗೆ ಹೋಗಿ ಕೂರಿ. ಮೊದಲ ಸಲ ಅರ್ಧ ಅರ್ಥವಾಗದಿದ್ದರೂ ಸಂಶೋಧಕರು ಹೇಗೆ ಪ್ರಶ್ನೆ ಎತ್ತುತ್ತಾರೆ ಎಂಬುದು ಕಿವಿಗೆ ಬೀಳುತ್ತದೆ. ಗ್ರಂಥಾಲಯ ಬಳಸಲು ನಿಮ್ಮ ವಿಭಾಗದಿಂದ ಪತ್ರ ಸಿಗುತ್ತದೆಯೇ ಎಂದು ಕೇಳಿ. ಪುಸ್ತಕ ಕೊಳ್ಳುವುದಾದರೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನು ಮೊದಲು ನೋಡಿ.

ಹಾಜರಾತಿ ಶೇ 75 ಇರಲೇಬೇಕು, ಇದರಲ್ಲಿ ರಿಯಾಯಿತಿ ನಂಬಬೇಡಿ. ಎಂ.ಎ.ಯಲ್ಲಿ ಶೇ 55 ಅಂಕ, ಪರಿಶಿಷ್ಟ ಜಾತಿ, ಪಂಗಡ ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ 50, ಇದ್ದರೆ ಮಾತ್ರ ಉಪನ್ಯಾಸಕರಾಗಲು ಬೇಕಾದ ನೆಟ್ ಪರೀಕ್ಷೆಯ ಅರ್ಹತೆ ಸಿಗುತ್ತದೆ. ಮೊದಲ ಸೆಮಿಸ್ಟರ್‌ನಿಂದಲೇ ಅದು ನೆನಪಿನಲ್ಲಿರಲಿ. ಯಾರಾದರೂ ಪೀಡಿಸಿದರೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ಮನಸ್ಸು ತೀರಾ ಕುಗ್ಗಿ, ಮನೆಯವರಿಗೆ ಹೇಳಲಾರೆ ಎನ್ನಿಸಿದ ದಿನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಎರಡು ತಿಂಗಳು ಹೆಚ್ಚಿನವರಿಗೆ ಊರಿಗೆ ಓಡಿಹೋಗಬೇಕು ಎನ್ನಿಸುತ್ತದೆ. ಹಾಗನ್ನಿಸಿದರೆ ಓದು ನಿಮ್ಮಿಂದ ಆಗದು ಎಂದು ಅರ್ಥವಲ್ಲ. ದಸರಾಕ್ಕೆ ಊರಿಗೆ ಹೋಗುವುದನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳದ ಮೇಲೇ ಹೋಗುತ್ತದೆ, ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಹಬ್ಬದ ಹೊತ್ತಿನಲ್ಲಿ ತಡಮಾಡಿದರೆ ಸಿಗುವುದಿಲ್ಲ.