ಕೆಂಚಿಯನ್ನು ಕಳಿಸಿದರೆ ನಾನು ಕಟುಕಳೇ?

ಪ್ರಶ್ನೆ: ನಾನು ಮೈಸೂರಿನವಳು, ಶಾಲಾ ಶಿಕ್ಷಕಿ, ವಯಸ್ಸು 38. ಮನೆಯಲ್ಲಿ ಪತಿ, ಅತ್ತೆ, ಹತ್ತು ವರ್ಷದ ಮಗಳು, ಒಂಬತ್ತು ವರ್ಷದ ನಾಟಿ ನಾಯಿ ರಾಜು ಮತ್ತು ನಾಲ್ಕು ವರ್ಷದ ಗಂಡು ಬೆಕ್ಕು ಮುತ್ತು ಇದ್ದಾರೆ. ರಕ್ಷಿಸಿ ತಂದ ನಾಯಿಗಳಿಗೆ, ದತ್ತು ಪಡೆಯುವವರು ಸಿಗುವ ತನಕ, ಮೂರು ವರ್ಷಗಳಿಂದ ನಮ್ಮಲ್ಲಿ ಆಶ್ರಯ ಕೊಡುತ್ತಿದ್ದೇನೆ. ಹೀಗೆ ಹನ್ನೊಂದು ನಾಯಿಗಳು ಬಂದು ಹೋಗಿವೆ. ರಿಂಗ್ ರಸ್ತೆಯಲ್ಲಿ ವಾಹನ ತಗುಲಿ ಹಿಂಗಾಲು ಮುರಿದುಕೊಂಡ ಕೆಂಚಿ ದೀಪಾವಳಿಯ ಹೊತ್ತಿಗೆ ಬಂದವಳು, ಮೂರು ತಿಂಗಳಾದರೂ ಇಲ್ಲೇ ಇದ್ದಾಳೆ. ಅವಳು ಬಂದ ಮೇಲೆ ರಾಜು ಊಟವನ್ನು ಅರ್ಧಕ್ಕೇ ಬಿಡುತ್ತಾನೆ, ಪಡಸಾಲೆಗೆ ಬಾರದೆ ಬಚ್ಚಲಿನ ಹತ್ತಿರ ಮಲಗುತ್ತಾನೆ. ಮುತ್ತು ಸಜ್ಜೆಯಿಂದ ಇಳಿಯುವುದೇ ಅಪರೂಪ. ಇಳಿದರೆ ನಮ್ಮ ಹಾಸಿಗೆಯ ಮೇಲೆ ಮೂತ್ರ ಮಾಡುತ್ತಾನೆ. ಹೋದ ವಾರ ರಾಜು ಕೆಂಚಿಯ ಕಿವಿ ಕಚ್ಚಿದ. ಬಿಡಿಸಲು ಹೋದ ನನ್ನ ಬೆರಳಿಗೂ ಹಲ್ಲು ತಾಗಿ ರಕ್ತ ಬಂತು. ಅರಿಶಿನ ಹಚ್ಚಿ ಸುಮ್ಮನಾದೆ. ಅತ್ತೆಯವರು ‘ಮನೆಯ ಮಗನನ್ನು ಅಳಿಸಿ ಊರಿಗೆ ಅನ್ನ ಹಾಕುತ್ತೀಯಾ’ ಎನ್ನುತ್ತಾರೆ. ಕೆಂಚಿಯನ್ನು ತಂದುಕೊಟ್ಟ ಸ್ವಯಂಸೇವಕರು ‘ನೀವು ಬಿಟ್ಟರೆ ಅವಳಿಗೆ ಬೀದಿಯೇ ಗತಿ’ ಎನ್ನುತ್ತಾರೆ. ಅವಳನ್ನು ಕಳಿಸಿದರೆ ನಾನು ಕಟುಕಳೇ?

ಉತ್ತರ: ನಿಮ್ಮ ಪ್ರಶ್ನೆಗೆ ಬರುವ ಮೊದಲು ನಿಮ್ಮ ಬೆರಳಿನ ವಿಷಯ. ಇದನ್ನು ಓದಿದ ದಿನವೇ ಆಸ್ಪತ್ರೆಗೆ ಹೋಗಿ. ಆ ಗಡಿಬಿಡಿಯಲ್ಲಿ ತಾಗಿದ್ದು ಯಾವ ನಾಯಿಯ ಹಲ್ಲೆಂಬುದು ನಿಮಗೆ ಖಚಿತವಾಗಿ ತಿಳಿದಿರಲಾರದು. ಕೆಂಚಿಗೆ ರೇಬೀಸ್ ಲಸಿಕೆ ಹಾಕಿಸಿದ್ದೀರೋ ಇಲ್ಲವೋ ಎಂಬುದನ್ನೂ ನೀವು ಬರೆದಿಲ್ಲ. ರಕ್ತ ಬಂದ ಕಚ್ಚಿದ ಗಾಯವನ್ನು ವೈದ್ಯರು ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸುತ್ತಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಉಳಿಯುವವರು ಇಲ್ಲವೆನ್ನುವಷ್ಟು ವಿರಳ, ಆದರೆ ಅದಕ್ಕೆ ಮೊದಲು ಲಸಿಕೆ ಪೂರ್ತಿ ಪಡೆದರೆ ಅದನ್ನು ತಡೆಯಬಹುದು. ಒಂದು ವಾರ ಕಳೆದಿದೆ ಎಂದು ಹಿಂಜರಿಯಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಮುಂದೆ ಎಂದಾದರೂ ಹಲ್ಲೋ ಉಗುರೋ ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ಹನ್ನೊಂದು ಬೀದಿನಾಯಿಗಳನ್ನು ಸಾಕಿದ ಮನೆಯವರು ಕಚ್ಚಿಸಿಕೊಳ್ಳುವ ಮೊದಲೇ ಪಡೆಯುವ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು, ಮಗಳ ಸಲುವಾಗಿಯಂತೂ ಖಂಡಿತ.

ಇನ್ನು ನಿಮ್ಮ ಪ್ರಶ್ನೆ. ಕೆಂಚಿ ನಿಮ್ಮ ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕು, ಅದಕ್ಕೆ ನೀವು ದಿನ ಗೊತ್ತುಮಾಡಬೇಕು, ಹಾಗೆ ಮಾಡಿದರೆ ನೀವು ಕಟುಕಳಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ನನಗೆ ಕಂಡದ್ದು, ರಾಜು ಮೂರು ತಿಂಗಳಿಂದ ತನಗೆ ತಿಳಿದ ಭಾಷೆಯಲ್ಲಿ ನಿಮಗೆ ಹೇಳುತ್ತಲೇ ಬಂದಿದ್ದಾನೆ ಎಂಬುದು. ಅವನು ಮೊದಲು ಅನ್ನ ಬಿಟ್ಟ, ಆಮೇಲೆ ಪಡಸಾಲೆಯನ್ನು ಬಿಟ್ಟುಕೊಟ್ಟು ಬಚ್ಚಲಿನ ಬಳಿ ಮುದುಡಿದ. ಮುಖ ತಿರುಗಿಸಿದ್ದು, ತುಟಿ ನೆಕ್ಕಿದ್ದು, ಮೈ ಬಿಗಿಹಿಡಿದು ಕಣ್ಣಂಚಿನಲ್ಲಿ ನೋಡಿದ್ದು, ಗುರುಗುಟ್ಟಿದ್ದು ಯಾವುದೂ ಫಲಿಸದೆ ಹೋದಾಗಲೇ ಸಾಮಾನ್ಯವಾಗಿ ಇಂಥ ಶಾಂತ ನಾಯಿ ಹಲ್ಲು ಹಾಕುವುದು. ಹನ್ನೊಂದು ಅತಿಥಿಗಳನ್ನು ಸಹಿಸಿದ ನಾಯಿ ಅದು. ಆಶ್ರಯ ಕೊಡುವ ನಿರ್ಧಾರ ನಿಮ್ಮದಾಗಿತ್ತು, ಆದರೆ ಅದಕ್ಕಾಗಿ ಪ್ರತಿದಿನ ಜಾಗ ಬಿಟ್ಟುಕೊಟ್ಟವರು ರಾಜು ಮತ್ತು ಮುತ್ತು. ಬೇಡವೆನ್ನುವ ಅವಕಾಶ ಅವರಿಗಿರಲಿಲ್ಲ. ಆ ಮಾತನ್ನು ಅವರ ಪರವಾಗಿ ಹೇಳಬಲ್ಲವರು ನೀವೊಬ್ಬರೇ.

ಹಾಗೆಂದು ಇದನ್ನು ಹೊಟ್ಟೆಕಿಚ್ಚೆಂದು ತೀರ್ಮಾನಿಸಿ ಬಿಡುವುದೂ ಸರಿಯಲ್ಲ. ಒಂಬತ್ತು ವರ್ಷದ ನಾಯಿ ಸಿಡುಕತೊಡಗಿದರೆ ಮೊದಲು ನೋವನ್ನು ಹುಡುಕಬೇಕು. ಕೀಲುನೋವು ಇರಬಹುದು, ಹಲ್ಲು ಕೊಳೆತಿರಬಹುದು, ಬೀದಿಯಿಂದ ಬಂದ ನಾಯಿಯ ಮೈಮೇಲಿನ, ರಕ್ತ ಹೀರುವ ಉಣ್ಣೆ ಹುಳುವಿನಿಂದ ಜ್ವರವೂ ಹತ್ತಿರಬಹುದು. ಉಣ್ಣೆ ಜ್ವರದಲ್ಲಿ ನಾಯಿ ಮಂಕಾಗಿ ಊಟ ಬಿಡುತ್ತದೆ, ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಸಾಮಾನ್ಯ ರಕ್ತಪರೀಕ್ಷೆಯಲ್ಲೇ ವೈದ್ಯರಿಗೆ ಸುಳಿವು ಸಿಗುತ್ತದೆ. ಉಣ್ಣೆಯು ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಡುವುದರಿಂದ ಕೆಂಚಿಯ ಮೈ ಶುಚಿಯಾದ ಮಾತ್ರಕ್ಕೆ ಮನೆ ಶುಚಿಯಾಯಿತೆಂದು ತಿಳಿಯಬೇಡಿ.

ಮುತ್ತುವಿನ ವಿಷಯ ಇನ್ನೂ ತುರ್ತಿನದು. ಭಯದಲ್ಲಿ ಬದುಕುವ ಗಂಡು ಬೆಕ್ಕಿಗೆ ಮೂತ್ರನಾಳ ಕಟ್ಟಿಕೊಳ್ಳುವ ಅಪಾಯವಿದೆ. ಮತ್ತೆ ಮತ್ತೆ ಕುಕ್ಕರಿಸಿ ಕೂತು ತಿಣುಕಿದರೂ ಹನಿ ಬೀಳದಿದ್ದರೆ, ಅಥವಾ ಕೂಗಿಕೊಂಡರೆ, ರಾತ್ರಿಯಾದರೂ ಸರಿ, ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಿರಿ. ಒಂದೆರಡು ದಿನ ತಡವಾದರೆ ಪ್ರಾಣವೇ ಹೋಗುತ್ತದೆ. ಬೆಕ್ಕು ಎರಡು ದಿನ ಏನನ್ನೂ ತಿನ್ನದಿದ್ದರೂ ಅದನ್ನು ಮುನಿಸೆಂದು ಕಾಯುತ್ತ ಕೂರಬಾರದು, ಉಪವಾಸದಿಂದ ಬೆಕ್ಕಿನ ಯಕೃತ್ತು ಬಹುಬೇಗ ಕೆಡುತ್ತದೆ.

ಕೆಂಚಿ ಹೊರಡುವ ತನಕ ಮೂವರೂ ಒಂದೇ ಜಾಗದಲ್ಲಿ ಇರಬಾರದು. ಅವಳಿಗೆ ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ. ಅವಳನ್ನು ಹೊರಗೆ ತಿರುಗಾಡಿಸುವ ಹೊತ್ತಿನಲ್ಲಿ ರಾಜು ಮನೆಯೆಲ್ಲ ಓಡಾಡಲಿ, ಪಡಸಾಲೆಯ ಅವನ ಹಳೆಯ ಜಾಗಕ್ಕೆ ಚಾಪೆ ಮರಳಿ ಬರಲಿ. ಊಟದ ತಟ್ಟೆಗಳು ಒಂದರ ಕಣ್ಣಿಗೆ ಇನ್ನೊಂದು ಬೀಳದಂತಿರಲಿ, ಉಂಡಾದ ಮೇಲೆ ಖಾಲಿ ತಟ್ಟೆಯನ್ನೂ ಎತ್ತಿಡಿ. ಬೆಕ್ಕಿನ ನೀರು, ಆಹಾರ, ಮಲಮೂತ್ರದ ಟ್ರೇ ಎಲ್ಲವೂ ನಾಯಿಗಳು ದಾಟದ ಕೋಣೆಯಲ್ಲಿರಬೇಕು. ಟ್ರೇಗೆ ಹೋಗುವ ದಾರಿಯಲ್ಲಿ ಕೆಂಚಿ ಕೂತಿದ್ದರೆ ಪಾಪದ ಮುತ್ತು ಹಾಸಿಗೆಯಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಮತ್ತೆ ಜಗಳವಾದರೆ ಕೈ ಹಾಕಬೇಡಿ, ದಪ್ಪ ಕಂಬಳಿ ಎಸೆಯಿರಿ ಅಥವಾ ಬಕೆಟ್ಟಿನಲ್ಲಿ ನೀರು ಸುರಿಯಿರಿ. ಇವೆಲ್ಲ ತಾತ್ಕಾಲಿಕ. ಮನೆಯ ಒಂದು ಬಾಗಿಲು ಸದಾ ಮುಚ್ಚಿರಬೇಕು ಎಂಬ ಎಚ್ಚರದಲ್ಲೇ ನಾಲ್ಕು ಜನ, ಮೂರು ಪ್ರಾಣಿಗಳು ವರ್ಷಗಟ್ಟಲೆ ಬದುಕುವುದು ಸಾಧ್ಯವಿಲ್ಲ, ಹತ್ತು ವರ್ಷದ ಮಗು ಒಂದು ದಿನ ಚಿಲಕ ಹಾಕುವುದನ್ನು ಮರೆಯುತ್ತದೆ.

ಬಂದ ನಾಯಿಗಳನ್ನು ನೀವು ಮೊದಲ ದಿನ ಎಲ್ಲಿ ಇರಿಸುತ್ತಿದ್ದಿರಿ ಎಂದು ಬರೆದಿಲ್ಲ. ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಸಂತೆಯ ಮೂಲೆಯಲ್ಲಿ ಚಳಿಗೆ ನಡುಗುತ್ತಿದ್ದ ಮರಿಯೊಂದನ್ನು ಕರುಣೆಯ ಭರದಲ್ಲಿ ತಂದು, ಒಂದೇ ಒಂದು ಲಸಿಕೆಯಾಗಿದ್ದ ನಮ್ಮ ಮನೆಯ ಮರಿಯ ಪಕ್ಕದಲ್ಲೇ ಮಲಗಿಸಿದೆ. ತಂದ ಮರಿಗೆ ಮರುದಿನವೇ ವಾಂತಿ, ರಕ್ತಭೇದಿ. ಆರನೆಯ ದಿನ ನಮ್ಮ ಮರಿಗೂ ಅದೇ. ಪಾರ್ವೊ ಎಂಬ ವೈರಸ್ ರೋಗ. ತಂದ ಮರಿ ಬದುಕಿತು, ನಮ್ಮ ಮರಿ ಸತ್ತಿತು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೆ ಜೀವಂತವಾಗಿರುತ್ತದೆ ಎಂಬುದಾಗಲಿ, ನಾನು ದಿನವೂ ಸುರಿಯುತ್ತಿದ್ದ ಫಿನಾಯಿಲಿಗೆ ಅದು ಸಾಯುವುದಿಲ್ಲ, ಮೂವತ್ತು ಪಾಲು ನೀರಿಗೆ ಒಂದು ಪಾಲು ದ್ರವ ಬ್ಲೀಚ್ ಬೆರೆಸಿ ಒರೆಸಬೇಕು ಎಂಬುದಾಗಲಿ ನನಗೆ ಆಗ ಗೊತ್ತಿರಲಿಲ್ಲ. ಅದರ ಕೆಲವು ಬಗೆಗಳು ಬೆಕ್ಕಿಗೂ ತಗುಲುತ್ತವೆ. ಆ ಮರಿಯ ಮುಖ ನನಗೆ ಇಂದಿಗೂ ಮರೆತಿಲ್ಲ. ಹೊಸ ನಾಯಿ ಎಷ್ಟೇ ಆರೋಗ್ಯವಾಗಿ ಕಂಡರೂ ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿ, ಬೇರೆ ತಟ್ಟೆ, ಬೇರೆ ಬಟ್ಟೆ, ಅದನ್ನು ಮುಟ್ಟಿದ ಕೈ ತೊಳೆದೇ ಮನೆಯವರನ್ನು ಮುಟ್ಟುವುದು ಎಂಬ ನಿಯಮವನ್ನು ಅಂದಿನಿಂದ ನಾನು ಯಾರ ಒತ್ತಾಯಕ್ಕೂ ಸಡಿಲಿಸಿಲ್ಲ. ಆ ಎರಡು ವಾರ ಒಬ್ಬರ ವಾಸನೆ ಇನ್ನೊಬ್ಬರಿಗೆ ಪರಿಚಯವಾಗಲೂ ಸಾಕು. ಮೊದಲ ಭೇಟಿ ಮನೆಯೊಳಗೆ ಬೇಡ, ಇಬ್ಬರ ಕೈಯಲ್ಲಿ ಎರಡು ಹಗ್ಗ, ಯಾರದೂ ಅಲ್ಲದ ರಸ್ತೆಯಲ್ಲಿ ದೂರದೂರವಾಗಿ ಒಟ್ಟಿಗೆ ನಡಿಗೆ.

ಸ್ವಯಂಸೇವಕರ ಮಾತಿನ ಬಗ್ಗೆ ನಾನು ನೇರವಾಗಿ ಹೇಳುತ್ತೇನೆ: ‘ಬೀದಿಯೇ ಗತಿ’ ಎಂದು ಆಶ್ರಯ ಕೊಟ್ಟವರನ್ನು ಹೆದರಿಸುವುದು ತಪ್ಪು. ಅವರೂ ದಣಿದಿರಬಹುದು, ಅವರ ಬಳಿ ಇನ್ನೂ ಹತ್ತು ನಾಯಿಗಳು ಕಾಯುತ್ತಿರಬಹುದು. ಆದರೂ ಕೆಂಚಿಯ ಹೊಣೆ ಅವರದು ಮತ್ತು ನಿಮ್ಮದು ಇಬ್ಬರದೂ. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆನ್ನುತ್ತವೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು. ತನ್ನ ಬೀದಿಯನ್ನೂ ಅನ್ನ ಹಾಕುವವರನ್ನೂ ಬಲ್ಲ ಗಟ್ಟಿಮುಟ್ಟಾದ ನಾಯಿಗೆ ಅದು ಅನ್ಯಾಯವೂ ಅಲ್ಲ. ಕೆಂಚಿಯ ಮಾತು ಬೇರೆ. ಕಾಲು ಕುಂಟುವ, ವಾಹನಗಳ ನಡುವೆ ಬಿದ್ದಿದ್ದ ಅವಳನ್ನು ಅದೇ ರಿಂಗ್ ರಸ್ತೆಗೆ ಬಿಡುವುದು ಕ್ರೌರ್ಯ, ಗುರುತಿಲ್ಲದ ಇನ್ನೊಂದು ಬೀದಿಗೆ ಬಿಡುವುದು ಅದಕ್ಕಿಂತಲೂ ಕೆಟ್ಟದ್ದು. ಆದ್ದರಿಂದ ಅವರಿಗೆ ಬರಹದಲ್ಲೇ ತಿಳಿಸಿ: ಇಂದಿನಿಂದ ಮೂರು ವಾರ ಕೆಂಚಿ ನಮ್ಮಲ್ಲಿ ಇರುತ್ತಾಳೆ, ಅಷ್ಟರಲ್ಲಿ ಬೇರೆ ಪ್ರಾಣಿಗಳಿಲ್ಲದ ಒಂದು ಮನೆಯನ್ನು ಇಬ್ಬರೂ ಸೇರಿ ಹುಡುಕಬೇಕು, ಸಿಗದಿದ್ದರೆ ಹಣ ಕೊಟ್ಟು ನಾಯಿ ಬಿಡುವ ಒಳ್ಳೆಯ ಜಾಗದ ಖರ್ಚನ್ನು ಹಂಚಿಕೊಳ್ಳಬೇಕು. ದತ್ತು ಪ್ರಕಟಣೆಯಲ್ಲಿ ಕಚ್ಚಾಟವನ್ನು ಮುಚ್ಚಿಡಬೇಡಿ. ‘ಮನೆಯಲ್ಲಿ ಒಂಟಿ ನಾಯಿಯಾಗಿ ಚೆನ್ನಾಗಿರುತ್ತಾಳೆ’ ಎಂದು ಬರೆದರೆ ಅವಳಿಗೆ ಸರಿಹೊಂದುವವರೇ ಬರುತ್ತಾರೆ, ಬಂದವರು ಹದಿನೈದು ದಿನಕ್ಕೆ ವಾಪಸು ತರುವುದಿಲ್ಲ.

ಅತ್ತೆಯವರ ಮಾತು ಕಟುವಾಗಿದ್ದರೂ ಅವರು ರಾಜುವಿನ ತಟ್ಟೆಯನ್ನು ಗಮನಿಸಿದ್ದಾರೆ ಎಂಬುದನ್ನು ನೆನಪಿಡಿ. ಮಗಳಿಗೆ ಇದನ್ನು ಸೋಲೆಂದು ಹೇಳಬೇಡಿ. ಕೆಂಚಿಗೆ ಮನೆ ಹುಡುಕುವ ಕೆಲಸದಲ್ಲಿ ಅವಳನ್ನೂ ಸೇರಿಸಿಕೊಳ್ಳಿ.

ಆಮೇಲೆ ಕನಿಷ್ಠ ಆರು ತಿಂಗಳು ಹೊಸ ನಾಯಿ ಬೇಡ. ರಾಜುವಿಗೆ ಇನ್ನು ವಯಸ್ಸು ಏರುತ್ತ ಹೋಗುತ್ತದೆ, ಅವನಿರುವಷ್ಟು ಕಾಲ ಮನೆಯೊಳಗೆ ಆಶ್ರಯ ಕೊಡುವುದನ್ನೇ ನಿಲ್ಲಿಸಬೇಕಾಗಿ ಬಂದರೂ ಅದನ್ನು ಒಪ್ಪಿಕೊಳ್ಳಿ. ಮೂರು ವರ್ಷ ನೀವು ಕಲಿತದ್ದಕ್ಕೆ ಬೇರೆ ಕಡೆ ಬಹಳ ಬೇಡಿಕೆ ಇದೆ: ದತ್ತು ಕೇಳಿ ಬಂದವರ ಮನೆಗೆ ಹೋಗಿ ನೋಡಿಬರುವುದು, ಶಸ್ತ್ರಚಿಕಿತ್ಸೆಗೆ ನಾಯಿಗಳನ್ನು ಕರೆದೊಯ್ಯುವುದು, ಹೊಸದಾಗಿ ಆಶ್ರಯ ಕೊಡುವವರಿಗೆ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಧೈರ್ಯ ಹೇಳುವುದು. ಈ ಕೊನೆಯದನ್ನು ಮಾಡುವವರು ತೀರ ಕಡಿಮೆ.

ಕೆಂಚಿ ಹೊರಡುವ ದಿನ ಅವಳು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಹಾಗೆಯೇ ಅವಳ ಜೊತೆ ಕಳಿಸಿ, ಹೊಸ ಜಾಗದಲ್ಲಿ ಮೊದಲ ಕೆಲವು ರಾತ್ರಿ ಪರಿಚಯದ ವಾಸನೆ ಅವಳಿಗೆ ಬೇಕಾಗುತ್ತದೆ. ಒಂದು ಹಾಳೆಯಲ್ಲಿ ಅವಳ ಲಸಿಕೆಯ ದಿನಾಂಕಗಳು, ಕಾಲಿನ ಔಷಧಿ, ಯಾವ ಸದ್ದಿಗೆ ಬೆದರುತ್ತಾಳೆ, ಎಲ್ಲಿ ಕೆರೆದರೆ ಕಣ್ಣು ಮುಚ್ಚುತ್ತಾಳೆ, ಮೊಸರನ್ನ ಕೈಯಿಂದ ಕೊಟ್ಟರೆ ಮಾತ್ರ ತಿನ್ನುತ್ತಾಳೆಯೇ, ಈ ಎಲ್ಲವನ್ನೂ ನಿಮ್ಮ ಕೈಯಾರೆ ಬರೆದು ಕೊಡಿ. ಇವನ್ನೆಲ್ಲ ಈಗ ಬಲ್ಲವರು ನೀವು ಮಾತ್ರ.