ರಕ್ತಕ್ಕೆ ಮೂಲವ್ಯಾಧಿ ಎಂದು ಹೆಸರಿಡುವ ಮೊದಲು

ರಾಜಾಜಿನಗರದ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ಪತ್ರದ ಸಾರ ಇಷ್ಟು: ಅವರ ಯಜಮಾನರಿಗೆ 46 ವರ್ಷ. ಮೂರು ತಿಂಗಳಿಂದ ಮಲದ ಜೊತೆ ರಕ್ತ ಹೋಗುತ್ತಿದೆ. ಬೆಳಿಗ್ಗೆ ಒಂದು ಸಲ ಹೋಗಿ ಬರುತ್ತಿದ್ದವರು ಈಗ ನಾಲ್ಕೈದು ಸಲ ಹೋಗುತ್ತಾರೆ, ಬಂದು ಕೂತರೆ ‘ಇನ್ನೂ ಇದೆ’ ಅನ್ನಿಸುತ್ತದಂತೆ. ಪ್ಯಾಂಟು ಸಡಿಲವಾಗಿದೆ. ಮೆಡಿಕಲ್ ಸ್ಟೋರಿನ ಮುಲಾಮು ಹಚ್ಚಿಕೊಳ್ಳುತ್ತಾರೆ, ನಮ್ಮ ಪತ್ರಿಕೆಯ ಮನೆಮದ್ದಿನ ಪುಟ ನೋಡಿ ಮೂಲಂಗಿ ರಸ, ಮಜ್ಜಿಗೆ ಕುಡಿಯುತ್ತಾರೆ. ‘ಉಷ್ಣವೇ ಇರಬೇಕಲ್ಲವೇ? ಡಾಕ್ಟರ ಹತ್ತಿರ ಹೋಗೋಣ ಅಂದರೆ, ಅಲ್ಲಿ ಬಟ್ಟೆ ಬಿಚ್ಚಿ ತೋರಿಸೋದಕ್ಕೆ ನಾನು ಬರಲ್ಲ ಅಂತಾರೆ.’

ಅಮ್ಮಾ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಪುಟದಲ್ಲಿ ‘ಮೂಲವ್ಯಾಧಿಗೆ ಮೂಲಂಗಿ’ ಎಂದು ಅಚ್ಚು ಹಾಕಿದೆವು. ರಕ್ತ ಕಂಡರೆ ಮೊದಲು ವೈದ್ಯರಿಗೆ ತೋರಿಸಿ ಎಂಬ ಒಂದು ಸಾಲು ಹಾಕಲಿಲ್ಲ. ಹಾಕಬೇಕಿತ್ತು. ಅದನ್ನು ಓದಿ ನಿಮ್ಮ ಮನೆಯಲ್ಲಿ ದಿನಗಳು ಕಳೆದಿವೆ ಎಂದು ತಿಳಿದು ಸಂಕಟವಾಯಿತು.

ಮಲದಲ್ಲಿ ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿ ಅಥವಾ ಮಲದ್ವಾರದ ಬಿರುಕು. ನಿಮ್ಮವರಿಗೂ ಅದೇ ಆಗಿರಬಹುದು. ಆದರೆ ನೋಡದೆ ಹೇಳುವುದು ಯಾರಿಂದಲೂ ಆಗದು. ರಕ್ತ ಕೆಂಪಗಿದೆ, ನೋವಿಲ್ಲ, ಹಾಗಾಗಿ ಮೂಲವ್ಯಾಧಿಯೇ ಎಂದು ನಮ್ಮಲ್ಲಿ ಅಂದುಕೊಳ್ಳುತ್ತಾರೆ. ಗುದನಾಳದ ಕ್ಯಾನ್ಸರಿನಲ್ಲೂ ರಕ್ತ ಕೆಂಪಗೇ ಬರಬಹುದು, ಶುರುವಿನಲ್ಲಿ ನೋವೇ ಇಲ್ಲದಿರಬಹುದು. ಎರಡೂ ಒಬ್ಬರಲ್ಲೇ ಇರುವುದೂ ಉಂಟು.

ನನ್ನನ್ನು ಹೆಚ್ಚು ಕಾಡಿದ್ದು ‘ಇನ್ನೂ ಇದೆ’ ಎಂಬ ಆ ಮಾತು. ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವೇ ಗುದನಾಳ. ಒಳಗೆ ಮಲ ಬಂದು ತುಂಬಿದರೆ ಅದರ ಗೋಡೆ ಹಿಗ್ಗಿ, ಹೋಗಬೇಕು ಎಂಬ ಅವಸರ ಹುಟ್ಟುತ್ತದೆ. ಅಲ್ಲೊಂದು ಗಡ್ಡೆ ಕೂತಿದ್ದರೆ ಎಷ್ಟು ಸಲ ಹೋಗಿ ಬಂದರೂ ಆ ಅವಸರ ತೀರುವುದಿಲ್ಲ. ತಿಣುಕಿದರೆ ಬರೀ ಲೋಳೆ, ಇಲ್ಲವೇ ಲೋಳೆ ಬೆರೆತ ರಕ್ತ. ಮಲ ಮೊದಲಿಗಿಂತ ಸಣ್ಣಗೆ, ಎಳೆಯಂತೆ ಬರಬಹುದು. ಹೋಗುವ ಅಭ್ಯಾಸ ಹೀಗೆ ಬದಲಾಗಿ ಮೂರು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಉಷ್ಣದ ಮೇಲೆ ಹಾಕಿ ಕೂರಬಾರದು. ಕಾರಣವಿಲ್ಲದೆ ತೂಕ ಇಳಿದಿದ್ದರಂತೂ ಕೂಡದು. ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಂಡಿದೆ ಎಂದಾದರೆ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿನ ಗಂಡಸಿಗೆ ರಕ್ತ ಕಡಿಮೆ ಎಂದು ಬಂದರೆ, ಅದು ಎಲ್ಲಿ ಸೋರುತ್ತಿದೆ ಎಂದು ಹುಡುಕದೆ ಟಾನಿಕ್ ಕೊಟ್ಟು ಕಳಿಸುವುದು ಸರಿಯಲ್ಲ.

ನಮ್ಮ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಹನ್ನೊಂದು ತಿಂಗಳು ಇಂಥದ್ದೇ ತೊಂದರೆಯನ್ನು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾರಿಗೂ ಹೇಳಲಿಲ್ಲ. ಕ್ಲಿನಿಕ್ಕೊಂದರಲ್ಲಿ ಮೂರು ಸಲ ಮೂಲವ್ಯಾಧಿಯ ಮಾತ್ರೆ ಬರೆದುಕೊಟ್ಟರು, ಒಮ್ಮೆಯೂ ಪರೀಕ್ಷೆ ಮಾಡಲಿಲ್ಲ. ಗೊತ್ತಾಗುವ ಹೊತ್ತಿಗೆ ಕ್ಯಾನ್ಸರ್ ಯಕೃತ್ತಿಗೆ ಹೋಗಿತ್ತು. ಅವರ ಮೇಜು ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಅವರು ಮತ್ತೆ ಮತ್ತೆ ಎದ್ದು ಹೋಗುತ್ತಿದ್ದುದನ್ನು ಕಂಡೂ ನಾನು ಕೇಳಲಿಲ್ಲ.

ನಿಮ್ಮ ಯಜಮಾನರಿಗೆ ಹೇಳಿ: ಅವರು ಅಂಜುತ್ತಿರುವ ಪರೀಕ್ಷೆ ಒಂದೆರಡು ನಿಮಿಷದ್ದು. ಎಡ ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಮಡಚಿ ಮಲಗಿಸುತ್ತಾರೆ. ಗ್ಲೌಸ್ ಹಾಕಿ, ಜೆಲ್ಲಿ ಸವರಿ, ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಮುಜುಗರವಾಗುತ್ತದೆ, ಇಲ್ಲವೆನ್ನುವುದಿಲ್ಲ. ಕೆಳಭಾಗದ ಗಡ್ಡೆಯಾದರೆ ಎಷ್ಟೋ ಸಲ ಆ ಬೆರಳಿಗೇ ಸಿಗುತ್ತದೆ. ಜನರಲ್ ಸರ್ಜನ್ ಅಥವಾ ಗ್ಯಾಸ್ಟ್ರೋ ಡಾಕ್ಟರ ಬಳಿ ಹೋಗಿ. ಪರೀಕ್ಷೆ ಮಾಡದೆ ಚೀಟಿ ಬರೆಯಹೊರಟರೆ, ‘ಒಂದು ಸಲ ಒಳಗೆ ನೋಡಿ ಸಾರ್’ ಎಂದು ನೀವೇ ಬಾಯಿಬಿಟ್ಟು ಕೇಳಿ. ಅವರು ಕೊಲೊನೋಸ್ಕೋಪಿ ಹೇಳಬಹುದು. ಹಿಂದಿನ ದಿನ ತೆಳು ಆಹಾರ, ಭೇದಿಗೆ ಔಷಧಿ. ಮಾರನೆಯ ದಿನ ಮಂಪರು ಬರಿಸಿ ಕ್ಯಾಮೆರಾ ಇರುವ ಕೊಳವೆಯಿಂದ ಇಡೀ ದೊಡ್ಡ ಕರುಳು ನೋಡುತ್ತಾರೆ. ಅನುಮಾನ ಬಂದ ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಅದರಿಂದಲೇ.

ಆಪರೇಷನ್ ಮಾಡಿ, ಮಲ ಹೊರಹೋಗಲು ಹೊಟ್ಟೆಗೆ ಚೀಲ ಹಾಕಿಬಿಡುತ್ತಾರೆ ಎಂಬ ಹೆದರಿಕೆಯನ್ನೂ ಬರೆದಿದ್ದೀರಿ. ಕ್ಯಾನ್ಸರ್ ಬಂದ ಎಲ್ಲರಿಗೂ ಅದು ಬೇಕಾಗುವುದಿಲ್ಲ. ಗಡ್ಡೆ ಮಲದ್ವಾರದಿಂದ ಎಷ್ಟು ಮೇಲಿದೆ, ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಅದು ನಿಂತಿದೆ. ಅನೇಕರಿಗೆ ಕೆಲವು ತಿಂಗಳಷ್ಟೇ ಇಟ್ಟು ಆಮೇಲೆ ಮುಚ್ಚುತ್ತಾರೆ. ಗುದನಾಳದ ಆಚೆ ಹರಡುವ ಮೊದಲೇ ಸಿಕ್ಕಿದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ 5 ವರ್ಷದ ನಂತರವೂ ಬದುಕಿರುತ್ತಾರೆ ಎನ್ನುತ್ತದೆ ಅಮೆರಿಕದ ಲೆಕ್ಕ. ದೂರದ ಅಂಗಕ್ಕೆ ಹರಡಿದ ಮೇಲೆ ಆ ಲೆಕ್ಕ ಬಹಳ ಕೆಳಗಿಳಿಯುತ್ತದೆ.

ದುಡ್ಡಿನ ಚಿಂತೆಯಿಂದ ತಡ ಮಾಡಬೇಡಿ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಪಕ್ಕದ ಕಿದ್ವಾಯಿ ರಾಜ್ಯ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. ಆದರೆ ಮೊದಲ ಪರೀಕ್ಷೆಗೆ ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ, ನಿಮ್ಮ ಹತ್ತಿರದ ಆಸ್ಪತ್ರೆಯ ಸರ್ಜರಿ ಓಪಿಡಿಯಲ್ಲೂ ಆಗುತ್ತದೆ. ಆಯುಷ್ಮಾನ್ ಯೋಜನೆಗೆ ಬೇಕಾಗಬಹುದು, ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ರಕ್ತ ಧಾರಾಳವಾಗಿ ಹೋಗಿ ತಲೆಸುತ್ತಿದರೆ, ಅಥವಾ ಹೊಟ್ಟೆ ಉಬ್ಬಿ ವಾಂತಿಯಾಗಿ ಮಲವೂ ಇಲ್ಲ, ಗಾಳಿಯೂ ಇಲ್ಲ ಎಂದಾದರೆ ಓಪಿಡಿ ಕಾಯಬೇಡಿ, ರಾತ್ರಿಯಾದರೂ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಅವರಿಗೊಬ್ಬ ತಮ್ಮ ಇದ್ದಾರೆ, 38 ವರ್ಷ ಎಂದು ಬರೆದಿದ್ದೀರಿ. ಅಣ್ಣನಿಗೆ ಕ್ಯಾನ್ಸರ್ ಎಂದೇ ತಿಳಿದರೆ, ತಮ್ಮನಿಗೆ ಯಾವ ತೊಂದರೆ ಇಲ್ಲದಿದ್ದರೂ ಕೊಲೊನೋಸ್ಕೋಪಿ ಬೇಕೇ ಎಂದು ಅದೇ ಡಾಕ್ಟರನ್ನು ಕೇಳಿ. ಈಗ ಸದ್ಯಕ್ಕೆ ಆ ತಮ್ಮನನ್ನೇ ಜೊತೆಗೆ ಕಳಿಸಿ. ಹೆಂಡತಿಯ ಎದುರು ಹೇಳಲು ನಾಚುವುದನ್ನು ಅವರು ತಮ್ಮನ ಹತ್ತಿರ ಹೇಳಿಯಾರು. ಇದೇ ವಾರ ಹೋಗಲಿ, ಹಚ್ಚಿಕೊಂಡ ಮುಲಾಮಿನ ಟ್ಯೂಬೂ ಕೈಯಲ್ಲಿರಲಿ. ರಿಪೋರ್ಟು ಬಂದಾಗ ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ